ಕಿರು ರೈಲು ಎಂಜಿನ್ನಿಗೆ ನಿಂಬೆಹಣ್ಣು ತುಳಿಸುವ ಬಗ್ಗೆ

ಮಾದರಿ ರೈಲು ಇಲಾಖೆ (ನ್ಯಾರೋ ಗೇಜ್ ಶಾಖೆ)
ಪಿ.ಜೆ. ಬಡಾವಣೆ, ದಾವಣಗೆರೆ
ಸಂಖ್ಯೆ: ಮಾರೈಇ/ನ್ಯಾಗೇ/ನಿಂಬೆ/07/2025-26

ವಿಷಯ: ಹೊಸದಾಗಿ ಕಟ್ಟಿದ ಹಾಗೂ ಮಾರ್ಪಡಿಸಿದ ಕಿರು ಎಂಜಿನ್, ವ್ಯಾಗನ್‌ಗಳ ಪೂಜಾ ಸಾಮಗ್ರಿಯ ಅಳತೆ ನಿಗದಿಪಡಿಸುವ ಕುರಿತು.

ಉಲ್ಲೇಖ: 1. ಶ್ರೀಮತಿ ದುರುಗವ್ವ ಅವರ ಮೌಖಿಕ ಆಕ್ಷೇಪಣೆ (ಎರಡು ಬಾರಿ; ಎರಡನೆಯದು ಜೋರಾಗಿ).
2. ಈ ಕಚೇರಿಯ ಹಿಂದಿನ ಸುತ್ತೋಲೆ (ತಪ್ಪಿದ್ದುದರಿಂದ ಹಿಂಪಡೆಯಲಾಗಿದೆ).

ಕರೂರು ಕೈಗಾರಿಕಾ ಪ್ರದೇಶದಲ್ಲಿ ಲೇತ್ ನಡೆಸುವ ಶ್ರೀ ಯೋಗರಾಜ್ ಅವರು ಹಳೆಯ ಆಟಿಕೆ ರೈಲಿನ ಗಾಲಿ, ಮೋಟಾರು ಬಿಚ್ಚಿ, ಹಿತ್ತಾಳೆ ತಗಡಿನ ಮೈ ಹೊದಿಸಿ, ಬಾಲ್‌ಪೆನ್ನಿನ ಮುಚ್ಚಳವನ್ನು ಹೊಗೆಕೊಳವೆಯಾಗಿ ಕೂರಿಸಿ, ಹೆಬ್ಬೆರಳುದ್ದದ ನ್ಯಾರೋ ಗೇಜ್ ಎಂಜಿನ್ನೊಂದನ್ನು ಸಿದ್ಧಪಡಿಸಿರುತ್ತಾರೆ. ಭಾನುವಾರ ಇಲಾಖೆಯ ಮೇಜಿನ ಮೇಲಿನ ದಾವಣಗೆರೆ–ಹರಿಹರ ಮಾರ್ಗದಲ್ಲಿ ಮೊದಲ ಗಾಡಿ ಎಳೆಯಬೇಕಾದದ್ದು ಇದೇ. ಆದರೆ ಅವರ ತಾಯಿ ದುರುಗವ್ವ ಅವರು, "ನಿಂಬೆಹಣ್ಣು ತುಳೀದೆ ಯಾವ ಗಾಡಿನೂ ನಮ್ಮ ಹೊಸ್ತಿಲು ದಾಟಂಗಿಲ್ಲ" ಎಂದು ತಡೆದು, ಮನೆಯಲ್ಲಿ ಪರೀಕ್ಷೆಗೆಂದು ಹಾಸಿದ್ದ ತುಂಡು ಹಳಿಯ ಮೇಲೆ ಹಣ್ಣಿಟ್ಟಿರುತ್ತಾರೆ. "ಯವ್ವಾ, ಎಂಜಿನ್ನಿಗಿಂತ ಹಣ್ಣೇ ಎತ್ತರ ಐತೆ" ಎಂದು ಯೋಗರಾಜ್ ಮನವಿ ಮಾಡಲಾಗಿ, "ದೃಷ್ಟಿನೂ ಅಷ್ಟೇ ಎತ್ತರ ಐತೆ, ಬಿಡು ಗಾಡಿ" ಎಂದು ಆದೇಶವಾಗಿದೆ.

ಎಂಜಿನ್ನು ಹಣ್ಣಿಗೆ ಗುದ್ದಿ, ಹಳಿ ತಪ್ಪಿ, ಕುಂಕುಮದ ಬಟ್ಟಲಿಗೆ ಬಿದ್ದಿದೆ. ಹಣ್ಣಿಗೆ ಗಾಯವಾಗಿಲ್ಲ. ಎಂಜಿನ್ನಿನ ಗಿಯರ್ ಮುರಿದಿದ್ದು, ಬದಲಿ ಇರುವುದು ಒಂದೇ. ಅದೂ ಹೋದರೆ ಭಾನುವಾರ ಗಾಡಿ ಇಲ್ಲ. ತಾಯಿ ಒಪ್ಪದಿದ್ದರೂ ಇಲ್ಲ. ಯೋಗರಾಜ್ ಊಟದ ತಟ್ಟೆಯ ಮುಂದೆ ಕುಳಿತು ಎಂಜಿನ್ನನ್ನೇ ನೋಡುತ್ತಿದ್ದಾರೆಂದು ವರದಿಯಾಗಿದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ನಿಜ ಗಾತ್ರದ ಎಂಬತ್ತೇಳರಲ್ಲಿ ಒಂದು ಪಾಲಿನ ಎಂಜಿನ್ನಿಗೆ ಎಂಬತ್ತೇಳರಲ್ಲಿ ಒಂದು ಪಾಲಿನ ನಿಂಬೆಹಣ್ಣನ್ನೇ ಬಳಸತಕ್ಕದ್ದು. ಲೆಕ್ಕದಂತೆ (ಎರಡು ಸಲ ಹಾಕಲಾಗಿದೆ; ಇನ್ನೊಬ್ಬರು ಹಾಕಿ ನೋಡಿದರೆ ಒಳ್ಳೆಯದು) ಅದು ಸುಮಾರು ಅರ್ಧ ಮಿಲಿಮೀಟರ್. ಗಸಗಸೆಗಿಂತ ಸಣ್ಣದು ಕಿರಾಣಿ ಅಂಗಡಿಯಲ್ಲಿ ದೊರೆಯದ ಕಾರಣ, ಒಂದು ಗಸಗಸೆ ಕಾಳನ್ನು ನಿಂಬೆಹಣ್ಣೆಂದು ಘೋಷಿಸಲಾಗಿದೆ.

2. ತೆಂಗಿನಕಾಯಿಯ ಬದಲು ಒಂದು ಸಾಸಿವೆ ಒಡೆಯತಕ್ಕದ್ದು. ಒಗ್ಗರಣೆಯಲ್ಲಿ ತಾನಾಗಿ ಸಿಡಿದ ಸಾಸಿವೆಯನ್ನು ಒಡೆದ ಕಾಯಿಯೆಂದು ಪರಿಗಣಿಸಲಾಗುವುದಿಲ್ಲ.

3. ಬೂದುಗುಂಬಳದ ಬದಲು ಮೆಣಸಿನಕಾಳು. ಒಡೆದ ಹೋಳುಗಳನ್ನು ದಾರಿಯಲ್ಲೇ ಬಿಡತಕ್ಕದ್ದಲ್ಲ. ಇರುವೆಗಳು ಜಾರಿ ಬೀಳುವ ಸಂಭವವಿದೆ.

4. ವಿಭೂತಿಯನ್ನು ಬೆರಳಿನಿಂದ ಬಳಿದರೆ ಚಾಲಕನಿಗೆ ಮುಂದಿನದು ಕಾಣುವುದಿಲ್ಲ. ಚಾಲಕ ಇಲ್ಲವೆಂಬುದು ಸಮಜಾಯಿಷಿಯಾಗದು.

5. ಬೆಂಕಿಪೊಟ್ಟಣದಿಂದ ಮಾರ್ಪಡಿಸಿದ ವ್ಯಾಗನ್ನುಗಳಲ್ಲಿ ಒಂದು ಮಂಡಕ್ಕಿ ಕಾಳು ಒಂದು ಚೀಲಕ್ಕೆ ಸಮ. ಪ್ರಸಾದವೆಂದು ಹಿಡಿ ತುಂಬ ಬಾಚಿ ತಿನ್ನುವುದನ್ನು ಲಾರಿಗಟ್ಟಲೆ ಸರಕಿನ ಕಳವೆಂದು ದಾಖಲಿಸಲಾಗುವುದು. ಮಿರ್ಚಿ ನಂಚಿಕೊಂಡು ತಿಂದಲ್ಲಿ ಹೆಚ್ಚುವರಿ ಕಲಂ ಸೇರುತ್ತದೆ.

6. ಕರ್ಪೂರದ ಜ್ವಾಲೆಯು ಈ ಅಳತೆಯಲ್ಲಿ ಬಣವೆಗೆ ಬೆಂಕಿ ಬಿದ್ದಂತೆ. ಎಂಜಿನ್ನು ಹರಿಹರದಲ್ಲಿದ್ದರೆ ಆರತಿಯನ್ನು ದಾವಣಗೆರೆಯಿಂದಲೇ ಬೆಳಗತಕ್ಕದ್ದು.

7. ಈ ನಿಯಮಗಳಂತೆ ಶನಿವಾರ ಯೋಗರಾಜ್ ಅವರ ಮನೆಯ ಪಡಸಾಲೆಯಲ್ಲಿ ಪರೀಕ್ಷೆ ನಡೆಸಲಾಯಿತು. ಎಂಜಿನ್ನು ಮತ್ತೆ ಬಿದ್ದರೆ ಹಿಡಿಯಲು ಅವರು ಎರಡೂ ಕೈ ಚಾಚಿ ಕುಳಿತಿದ್ದರಿಂದ, ವೇಗದ ಗುಂಡಿಯನ್ನು ದುರುಗವ್ವನವರೇ ತಿರುಗಿಸಿದರು. ಎಂಜಿನ್ನು ಗಸಗಸೆಯನ್ನು ದಾಟಿತು. ಗಿಯರ್ ಕ್ಷೇಮ. ಕಾಳು ಒಡೆಯಿತೇ, ಹಾರಿತೇ, ಅಥವಾ ಈ ಕಚೇರಿಯವರು ಸೀನಿದಾಗ ಹೋಯಿತೇ ಎಂಬುದು ಭೂತಗನ್ನಡಿಯಲ್ಲೂ ತಿಳಿಯಲಿಲ್ಲ. ಕನ್ನಡಕ ರಿಪೇರಿಗೆ ಕೊಟ್ಟಿರುವ ದುರುಗವ್ವನವರು ಮಾತ್ರ ಬಗ್ಗಿ ನೋಡಿ, "ಒಡದೈತೆ. ರಸಾನೂ ಬಂದೈತೆ. ಗಾಡಿ ಹೊರಡ್ಸಪ್ಪ" ಎಂದು ದೃಢೀಕರಿಸಿದ್ದಾರೆ. ಸದರಿ ಹೇಳಿಕೆಯನ್ನು ಅಂತಿಮವೆಂದು ಅಂಗೀಕರಿಸಿ, ಎಂಜಿನ್ನಿಗೆ ಭಾನುವಾರ ಓಡಲು ಅನುಮತಿ ನೀಡಲಾಗಿದೆ.

ಸಹಿ/-
(ಬಕ್ಕೇಶ್)
ಪ್ರಭಾರ ಅಧೀಕ್ಷಕರು

ಪ್ರತಿಗಳು:
1. ಶ್ರೀ ನಯೀಮ್, ಕಿರಾಣಿ ಅಂಗಡಿ: ಗಸಗಸೆಯನ್ನು ಬಿಡಿ ಕಾಳಾಗಿ ಕೇಳಿದಾಗ ನಕ್ಕಿದ್ದೇಕೆಂದು ವಿವರಣೆ ಕೋರಿ.
2. ಇರುವೆಗಳಿಗೆ: ಗೋಡೆಯ ಕೆಳಭಾಗದಲ್ಲಿ ಅಂಟಿಸಲು.
3. ಶ್ರೀ ಯೋಗರಾಜ್: ಊಟ ಮಾಡುವ ಸೂಚನೆಯೊಂದಿಗೆ.
4. ಶ್ರೀಮತಿ ದುರುಗವ್ವ: ಭಾನುವಾರ ಗುಂಡಿ ತಿರುಗಿಸಲು ತಪ್ಪದೇ ಹಾಜರಾಗಲು. ಕನ್ನಡಕ ತರುವ ಅಗತ್ಯವಿಲ್ಲ.