ಎರಡು ದೇವರಿಗೆ ಒಬ್ಬ ಬಡವ

ಆ ದಿನ ಜೋಗಿ ಕೂಲಿಗೆ ಹೋಗದೆ ಊರಲ್ಲಿ ಉಳಿದದ್ದೇ ತಪ್ಪಾಯಿತು.

ಮಸಿನಗುಡಿಯ ಹೊರಗಿನ ಕೇರಿಯವರೆಲ್ಲ ನಸುಕಿಗೇ ಕಾಫಿ ತೋಟಕ್ಕೆ ನಡೆದಿದ್ದರು. "ತಾಲೂಕು ಬೋರ್ಡಿನ ಪ್ರೆಸಿಡೆಂಟ್ರು ಬತ್ತಾರಂತೆ, ಕೇರಿಗೊಂದು ಬಾವಿ ಕೇಳ್ಲಾ" ಎಂದು ಜೋಗಿಯೊಬ್ಬನನ್ನು ಬಿಟ್ಟುಹೋಗಿದ್ದರು. ಮಠದ ಬಾವಿ, ಭಜನೆ ಮನೆಯ ಬಾವಿ, ಎರಡನ್ನೂ ಕೇರಿಯವರು ಮುಟ್ಟುವಂತಿಲ್ಲ. ಹಳ್ಳಕ್ಕೆ ಹೋದರೆ ಆನೆ. ಹೋದ ವಾರ ಅವನ ಹೆಂಡತಿ ಕೆಂಪಿ ಕೊಡ ಬಿಸಾಡಿ ಓಡಿ ಕಾಲು ಮುರಿದುಕೊಂಡಿದ್ದಳು.

ರಸ್ತೆಗೆ ಬಂದವನನ್ನು ತಡೆದವರು ರಾಗಿ ವ್ಯಾಪಾರಿ ರಾಚಯ್ಯನವರು. ಬೋರ್ಡಿನ ಚುನಾವಣೆಗೆ ನಿಂತಿದ್ದರು. ಕಂದಾಯ ಕಟ್ಟುವವರಿಗಷ್ಟೇ ಓಟು. ಅವರಲ್ಲಿ ಅರ್ಧ ಜನ ಮಠದ ಭಕ್ತರು. ಮಠಕ್ಕೆ ಸರ್ಕಾರಿ ಗ್ರಾಂಟು ಕೊಡಿಸಿದರೆ ಓಟೆಲ್ಲ ಬುಟ್ಟಿಗೆ ಬಿದ್ದಂತೆ. ಆದರೆ ಬಡವರಿಗೆ ಧರ್ಮ ಕಲಿಸುವವರಿಗೆ ಮಾತ್ರ ಗ್ರಾಂಟು ಎಂಬುದು ಬೋರ್ಡಿನ ಕಟ್ಟಳೆ. ಅದನ್ನು ಕಣ್ಣಾರೆ ನೋಡಲೆಂದೇ ಪ್ರೆಸಿಡೆಂಟರು ಬರುತ್ತಿದ್ದರು. ಮಠದ ಜಗುಲಿ ಸಿದ್ಧವಾಗಿತ್ತು, ಬಡವನೇ ಇರಲಿಲ್ಲ.

"ಬಾರ್ಲಾ ಜೋಗಿ, ಮಠದ ಜಗುಲಿ ಮ್ಯಾಲೆ ವಸಿ ಹೊತ್ತು ಕೂತ್ಕೊ. ಬಾವಿ ಮಾತು ನಾನೇ ಎತ್ತೀನಿ."

"ಜಗುಲಿ ಮ್ಯಾಲಾ ಬುದ್ದೀ? ಮೊನ್ನೆ ನನ್ನ ನೆರಳು ಬಿತ್ತು ಅಂತ ತೊಳಸಿದ್ರಿ!"

"ಸಾಯಂಕಾಲ ಮತ್ತೆ ತೊಳಸ್ತೀನಿ. ನಿಂಗ್ಯಾಕ್ಲಾ ಆ ಚಿಂತೆ?"

ಗೋಡೆಗೆ ಸುಣ್ಣ ಬಳಿದಂತೆ ಹಣೆಗೆ ವಿಭೂತಿ ಬಿತ್ತು. ಪ್ರೆಸಿಡೆಂಟರು ಬಂದರು, ಕನ್ನಡಕ ಏರಿಸಿದರು, ತಲೆದೂಗಿದರು. ಜೋಗಿ ಬಾಯಿ ತೆರೆದ. ರಾಚಯ್ಯನವರ ಊರುಗೋಲು ಅವನ ಹೆಬ್ಬೆರಳ ಮೇಲೆ ಕೂತಿತು.

"ಭಕ್ತಿಗೆ ಮಾತೇ ಹೊರಡ್ತಿಲ್ಲ ಸ್ವಾಮಿ!"

ಪ್ರೆಸಿಡೆಂಟರು ಮಠದಲ್ಲಿ ಹಾಲುಹಣ್ಣು ಮುಗಿಸುವಷ್ಟರಲ್ಲಿ ಜೋಗಿ ಕುಂಟುತ್ತ ಹೊರಗೆ ಬಂದು ಅವರ ಮೋಟಾರಿನ ಬಳಿ ಕಾದ. ಅಲ್ಲಿ ಸಿಕ್ಕಿಬಿದ್ದದ್ದು ಮರದ ಕಂಟ್ರಾಕ್ಟರ್ ಧರ್ಮಲಿಂಗಂ ಕೈಗೆ. ಈತ ಎದುರಾಳಿ, ಭಜನೆ ಮನೆಯ ಓಟುಗಳೆಲ್ಲ ಈತನಿಗೆ ಬೇಕು.

"ಡೇಯ್, ವಾಡಾ, ಬಾರೋ ಇಲ್ಲಿ! ಊರೆಲ್ಲಾ ಹುಡುಕಿದೆ, ಒಬ್ಬ ಬಡವ ಸಿಗ್ಲಿಲ್ಲ. ಬಾವಿ ತಾನೇ? ನಾನು ಹೇಳ್ತೀನಿ."

ಭಜನೆ ಮನೆಯೊಳಕ್ಕೆ ಕರೆದೊಯ್ದು, ವಿಭೂತಿ ಒರೆಸಿ ನಾಮ ಎಳೆದು ಕೈಗೆ ತಾಳ ಕೊಟ್ಟ.

"ನಂಗೆ ತಾಳ ಬರಕಿಲ್ಲ ಸಾಮಿ."

"ಎಲೆಕ್ಷನ್ ಮುಗಿಯೋವರೆಗೂ ಯಾರಿಗೂ ತಾಳ ಬರೋದಿಲ್ಲ. ಬಡಿ!"

ಹೊಲಕ್ಕೆ ನುಗ್ಗಿದ ಆನೆಯನ್ನು ಓಡಿಸಲು ಡಬ್ಬ ಬಡಿಯುವಂತೆ ಜೋಗಿ ಬಡಿದ. ಒಳಗೆ ಬಂದ ಪ್ರೆಸಿಡೆಂಟರು ಹುಬ್ಬು ಗಂಟಿಕ್ಕಿದರು. "ಇವನನ್ನು ಈಗ ತಾನೇ ನೋಡಿದೆನಲ್ಲ?"

"ಅದು ಇವನ ಅಣ್ಣ ಸಾರ್," ಎಂದ ಧರ್ಮಲಿಂಗಂ. "ದಾರಿ ತಪ್ಪಿದವನು."

ಬಾವಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಸಂಜೆ ಜೋಗಿ ಧೈರ್ಯ ಮಾಡಿ, ಬೆವರಿಗೆ ವಿಭೂತಿ, ನಾಮ ಎರಡೂ ಕಲೆತು ಹರಿಯುತ್ತಿದ್ದ ಮೋರೆಯಲ್ಲೇ ಪ್ರವಾಸಿ ಬಂಗಲೆಗೆ ಹೋಗಿ ಪ್ರೆಸಿಡೆಂಟರಿಗೆ ಅಡ್ಡಬಿದ್ದ.

"ತಪ್ಪಾಯ್ತು ಬುದ್ದೀ. ನಂಗೆ ಅಣ್ಣನೇ ಇಲ್ಲ. ಎರಡು ಕಡೇನೂ ನಾನೇ. ನಮ್ ಕೇರಿಗೊಂದು ಬಾವಿ ಕೊಡಿ."

ಪ್ರೆಸಿಡೆಂಟರು ರೇಗಲಿಲ್ಲ, ನಕ್ಕರು. "ಗೊತ್ತು ಕಣಯ್ಯ, ನನಗೇನು ಕಣ್ಣಿಲ್ಲವೆ? ಇಬ್ಬರಿಗೂ ಗ್ರಾಂಟು ಮಂಜೂರು ಮಾಡಿದ್ದೇನೆ. ಯಾರೇ ಗೆಲ್ಲಲಿ, ನಾಳೆ ನನ್ನನ್ನು ಪ್ರೆಸಿಡೆಂಟ್ ಮಾಡುವವರು ಗೆದ್ದವರೇ ತಾನೆ?"

"ಹಂಗಾರೆ ಬಾವಿ?"

"ನಿಮ್ಮ ಕೇರಿ ಬಾವಿಗೆ ಅಂತ ದುಡ್ಡು ಎತ್ತಿಟ್ಟೇ ಇತ್ತು. ಇಲ್ಲದಿದ್ದರೆ ಇಬ್ಬರಿಗೂ ಎಲ್ಲಿಂದ ಕೊಡಲಿ?"

ಜೋಗಿ ನೆಲದಿಂದ ಎದ್ದ. ಪ್ರೆಸಿಡೆಂಟರು ಚುಟ್ಟಾ ಹಚ್ಚಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾಳೆ ತೊರಪಳ್ಳಿಯ ಮಿಷನ್ ಶಾಲೆ ನೋಡಬೇಕು. ಅಲ್ಲೂ ಬಡವರು ಸಾಲದಂತೆ. ಬೆಳಿಗ್ಗೆ ಮುಖ ತೊಳೆದುಕೊಂಡು ಬಾ. ಶಿಲುಬೆ ಅವರೇ ಕೊಡುತ್ತಾರೆ."