ಅಟ್ಟ ಸೇರಿದ ದಾಂಡು

ಒಂದೂರಲ್ಲಿ ಒಬ್ಬ ರಾಜನಿದ್ದನಂತೆ. ಕಣ್ಣು ಮುಚ್ಚುವ ಮೊದಲು ಮಗನನ್ನು ಕರೆದು, ಮೂರು ದಿಕ್ಕಿಗೆ ಬೇಟೆಗೆ ಹೋಗು, ನಾಲ್ಕನೆಯ ದಿಕ್ಕಿಗೆ ಮಾತ್ರ ಹೋಗಬೇಡ ಎಂದನಂತೆ. ದಾವಣಗೆರೆಯ ಸರಸ್ವತಿ ನಗರದಲ್ಲಿ ರಾಜರಿರಲಿಲ್ಲ; ಡ್ರಿಲ್ ಮೇಷ್ಟ್ರು ಮುರುಗೇಶಪ್ಪನವರಿದ್ದರು. ಅವರು ಕಣ್ಣು ಮುಚ್ಚುವ ಮೊದಲು ಮಗ ಕೊಟ್ಟೂರೇಶನಿಗೆ ಒಂದೇ ಒಂದು ದಿಕ್ಕು ತೋರಿಸಿದರು. ಅದು ಹರಿಹರ.

"ನಮ್ಮ ಹುಡುಗೇರನ್ನ ಕರ್ಕಂಡು ಹೋಗಿ ಹರಿಹರದೋರನ್ನ ಒಂದು ಸಲ ಗೆದ್ದು ಬಾ. ಆಮೇಲೆ ಈ ದಾಂಡು ಅಟ್ಟಕ್ಕೆ ಹಾಕಿದ್ರೂ ನಾನು ಕೇಳಾಕೆ ಬರಲ್ಲ."

ದಾಂಡು ಸಾಫ್ಟ್‌ಬಾಲ್ ಆಟದ್ದು. ಮೇಷ್ಟ್ರು ಯಾವುದೋ ಶಿಬಿರದಲ್ಲಿ ಆ ಆಟ ಕಲಿತು ಬಂದು ಓಣಿಯ ಹೆಣ್ಣುಮಕ್ಕಳಿಗೆ ಅದರ ಹುಚ್ಚು ಹಿಡಿಸಿದ್ದರು. ಚೆಂಡು ಹೊಡೆದು, ಮೈದಾನದ ಮೂಲೆಗಳನ್ನೆಲ್ಲ ಮುಟ್ಟಿ, ಹೊರಟಲ್ಲಿಗೇ ಓಡಿ ಬಂದರೆ ಒಂದು ರನ್ನು. ಕ್ರಿಕೆಟ್ಟಿಗೂ ಲಗೋರಿಗೂ ಹುಟ್ಟಿದ ಕೂಸು ಎಂದು ಜನ ನಗುತ್ತಿದ್ದರು. ವರ್ಷಕ್ಕೊಮ್ಮೆ ಹುಡುಗಿಯರನ್ನು ಹರಿಹರಕ್ಕೆ ಕರೆದೊಯ್ದು, ಪ್ರತಿ ಸಲವೂ ಕೂದಲೆಳೆಯಲ್ಲಿ ಸೋತು, ಮೇಷ್ಟ್ರು ನಗುನಗುತ್ತ ಮರಳುತ್ತಿದ್ದರು. ಸೋತು ನಗುವವರೇ ದೊಡ್ಡವರು ಎಂದು ಓಣಿ ಹೊಗಳುತ್ತಿತ್ತು.

ಕೊಟ್ಟೂರೇಶನಿಗೆ ಆ ದೊಡ್ಡತನ ಬಂದಿರಲಿಲ್ಲ. ವಾರವೆಲ್ಲ ಮಂಡಿಪೇಟೆಯ ಬೆಲ್ಲದಂಗಡಿಯಲ್ಲಿ ಗುಮಾಸ್ತಿಕೆ. ಇದ್ದೊಂದು ಭಾನುವಾರವನ್ನು ಸಾಫ್ಟ್‌ಬಾಲ್ ನುಂಗುತ್ತಿತ್ತು. ಮಾಯಕೊಂಡಕ್ಕೆ ಹೋಗಿ ಐಶ್ವರ್ಯ ಎಂಬ ಕನ್ಯೆಯನ್ನು ನೋಡುವ ಶಾಸ್ತ್ರ ಮುಂದಕ್ಕೆ ಹೋಗಿ ಹೋಗಿ, ಹುಡುಗಿಯ ತಂದೆ ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನು ಮಾಡಿ, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರವೂ ಬರದಿದ್ದರೆ ನಮ್ಮ ದಾರಿ ನಮಗೆ ಎಂದಿದ್ದರು. ಈ ಭಾನುವಾರ ಹರಿಹರದ ಪಂದ್ಯ. ಗೆದ್ದರೆ ಮಾಯಕೊಂಡ, ಸೋತರೆ ಇನ್ನೊಂದು ವರ್ಷ ಮೈದಾನದ ಧೂಳು.

ದಾವಣಗೆರೆ ಜಿಲ್ಲೆಯಾದ ಮರುವರ್ಷದ ಆ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಹಿಂದೆ ದಾಂಡೇ ಇಲ್ಲ. ತಾಯಿ ಕಸ್ತೂರಮ್ಮ ರೊಟ್ಟಿ ತಟ್ಟುತ್ತಲೇ, ಪಕ್ಕದ ಮನೆಯ ಉಚ್ಚೆಂಗೆಮ್ಮ ಕೇಳಿದಳು, ಕೊಟ್ಟೆ ಎಂದರು.

ಉಚ್ಚೆಂಗೆಮ್ಮ ಹಿತ್ತಲಿನಲ್ಲಿ ಅದೇ ದಾಂಡಿನಿಂದ ನೆನೆಸಿದ ಕಂಬಳಿಯನ್ನು ಹಳೆಯ ಹಗೆಯವನನ್ನು ಬಡಿದಂತೆ ಬಡಿಯುತ್ತಿದ್ದಳು.

"ಅಜ್ಜಿ, ಅದು ಆಟದ ದಾಂಡು."

"ಆಟ ಸಂಜಿಗೂ ಆಡಬಹುದು. ಕಂಬಳಿಗೆ ಬಿಸಿಲು ಬ್ಯಾಡೇನಪ?"

ಎರಡು ಕಂಬಳಿ ಮುಗಿಯುವವರೆಗೆ ದಾಂಡು ಬಿಡಲಿಲ್ಲ. ಬಿಟ್ಟ ಮೇಲೆ, ಅದು ತನ್ನ ಕೈಯಲ್ಲಿ ಪಳಗಿದೆ, ತಾನಿಲ್ಲದೆ ಏಳುವುದಿಲ್ಲ ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಅಷ್ಟರಲ್ಲಿ ಬಸ್ಸು ಹೋಗಿತ್ತು. ಸಿಕ್ಕಿದ್ದು ಮಂಡಕ್ಕಿ ಚೀಲ ತುಂಬಿದ ಟೆಂಪೊ. ಚೀಲಗಳ ಮೇಲೆ ಹುಡುಗಿಯರು, ಹುಡುಗಿಯರ ನಡುವೆ ಅಜ್ಜಿ. ಅಜ್ಜಿ ಕೂತ ಚೀಲ ದಾರಿಯಲ್ಲಿ ಒಡೆದು, ಹರಿಹರ ಮುಟ್ಟುವಾಗ ತಂಡವಿಡೀ ಅಕ್ಷತೆ ಹಾಕಿಸಿಕೊಂಡ ಮದುವೆ ದಿಬ್ಬಣದಂತಿತ್ತು.

ಹರಿಹರದ ಹುಡುಗಿಯರ ಕೋಚ್ ಮಕ್ತುಮ್ ಸಾಬ್ ಗಾದಿ ಹೊಲಿಯುವವರು. ಎರಡೂ ತಂಡದ ಹುಡುಗಿಯರ ಕೈಗವಸು ಹೊಲಿದು ಹತ್ತಿ ತುಂಬಿದವರೂ ಅವರೇ. ಅವರು ಕೊಟ್ಟೂರೇಶನನ್ನು ಕಳೆದುಹೋದ ಮಗ ಸಿಕ್ಕಂತೆ ತಬ್ಬಿಕೊಂಡರು. ಪಕ್ಕದಲ್ಲಿ ಅವರ ಹುಡುಗಿಯರು ಬಿರಿಯಾನಿಯ ಬೋಗುಣಿ ಬಳಿಯುತ್ತಿದ್ದರು. ಆಟಕ್ಕೆ ಮುಂಚೆ ಯಾರಾದರೂ ಬಿರಿಯಾನಿ ಉಣಿಸುತ್ತಾರೆಯೇ? ಇವರಿಗೆ ಗೆಲ್ಲುವ ಸೊಕ್ಕು ಎಷ್ಟಿರಬೇಕು ಎಂದು ಕೊಟ್ಟೂರೇಶ ಬೆವರಿದ.

ಆದರೆ ಉಂಡ ಹುಡುಗಿಯರು ಓಡುವಾಗ ತೇಗುತ್ತಿದ್ದರು. ಇತ್ತ ನೀರು ಕುಡಿದ ದಾಂಡು ಕಲ್ಲಿನಷ್ಟು ಭಾರ. ಹೀಗೆ ಎರಡೂ ಕಡೆ ಎಡವುತ್ತ ಕೊನೆಯ ಹೊಡೆತದವರೆಗೆ ಬಂದರೂ ರನ್ನು ಸಮಸಮ. ದಾವಣಗೆರೆಯ ನುಜತ್ ಕೊನೆಯ ಮೂಲೆಯಲ್ಲಿ ನಿಂತು ಓಡಲು ಕಾಯುತ್ತಿದ್ದಳು. ದಾಂಡು ಅವಳ ಜೊತೆಗಾತಿ ಕೃತಿಕಾಳ ಕೈಯಲ್ಲಿ.

"ಕಂಬಳಿ ಅಂತ ತಿಳ್ಕಂಡು ಹೊಡಿಯೇ" ಎಂದಳು ಅಜ್ಜಿ.

ಕೃತಿಕಾ ಹೊಡೆದಳು. ಚೆಂಡು ಹಾರಲಿಲ್ಲ, ಮುದಿ ಆಮೆಯಂತೆ ಉರುಳಿ ನೇರವಾಗಿ ಹರಿಹರದ ಮಾಸೂಮಾಳ ಕಾಲಬಳಿಗೇ ಹೋಯಿತು. ಕೊಟ್ಟೂರೇಶ ಕಣ್ಣು ಮುಚ್ಚಿಕೊಂಡ. ಮಾಯಕೊಂಡ ಮುಳುಗಿತು.

"ಬಿಡು ಬೇಟಿ, ಬಿಸಿಲು ಜಾಸ್ತಿ ಐತೆ" ಎಂದು ಮಕ್ತುಮ್ ಸಾಬರ ದನಿ ಕೇಳಿತು.

ತನ್ನ ಉಸ್ತಾದರೇ ಹಾಗೆನ್ನುತ್ತಾರಲ್ಲ ಎಂದು ಮಾಸೂಮಾ ಚೆಂಡು ಹಿಡಿದುಕೊಂಡು ಬೆಪ್ಪಾಗಿ ನಿಂತಳು. ಅಷ್ಟರಲ್ಲಿ ನುಜತ್ ಓಡಿ ಬಂದು ಹೊರಟ ಜಾಗ ಮುಟ್ಟಿಬಿಟ್ಟಿದ್ದಳು.

ದಾವಣಗೆರೆ ಗೆದ್ದಿತು. ಆದರೆ ಎಲ್ಲರಿಗಿಂತ ಹೆಚ್ಚು ಕುಣಿದವರು ಮಕ್ತುಮ್ ಸಾಬ್. ಕುಣಿಯುತ್ತಲೇ ಬಂದು ತಮ್ಮ ಕೊರಳ ಸೀಟಿ ತೆಗೆದು, ಆಗಲೇ ಅಪ್ಪನ ಸೀಟಿ ನೇತಾಡುತ್ತಿದ್ದ ಕೊಟ್ಟೂರೇಶನ ಕೊರಳಿಗೆ ಹಾಕಿದರು.

"ಇದ್ಯಾಕ ಚಾಚಾ? ಸೋತೋರು ನೀವು."

"ಕೂಡು ಬೇಟಾ, ಹೇಳ್ತೀನಿ. ಆಡಾಕೆ ಎದುರಾಳಿನೇ ಇಲ್ಲ ಅಂತ ಈ ಟೀಮೂ ಕಟ್ಟಿದ್ದು ನಿಮ್ಮಪ್ಪನೇ. 'ಮಕ್ತುಮ್, ನಾನು ನಿನ್ನ ಗೆಲ್ಲೋ ತನಕ ಇವರನ್ನ ನೋಡ್ಕ. ಗೆದ್ದ ದಿನ ಇವರೂ ನನ್ನ ಪಾಲು' ಅಂದ. ಒಂದು ವರ್ಷದ ಮಾತು ಅಂತ ಹೂಂ ಅಂದೆ. ಆ ಮನುಷ್ಯ ಗೆಲ್ಲಲೇ ಇಲ್ಲಪ. ಗೆಲ್ಲೋ ರನ್ನಿಗೆ ಓಡೋ ಹುಡುಗಿನ ಕರೆದು, ಬೂಟಿನ ಲೇಸು ಕಟ್ಕಳವ್ವ ಅಂತಿದ್ದ."

ಕೊಟ್ಟೂರೇಶನಿಗೆ ಅಪ್ಪನ ನಗುಮುಖ ನೆನಪಾಯಿತು. "ನೀವೂ ಸೋಲಬಹುದಿತ್ತಲ್ಲ ಚಾಚಾ?"

"ನೋಡಿದೆ ಬೇಟಾ. ಸೋಲೋದ್ರಾಗೆ ನಿಮ್ಮಪ್ಪ ನನಗಿಂತ ಹುಷಾರು. ನನ್ನ ಮಗ ಬಂದು ಗೆಲ್ತಾನೆ, ಕಾಯಿ ಅಂದಿದ್ದ. ಮಾತು ಉಳಿಸಿದೆ ನೋಡು ನೀನು."

ಬಿರಿಯಾನಿ ಕರಗಿದ ಹರಿಹರದ ಹುಡುಗಿಯರು ಆಗಲೇ ಸುತ್ತ ನೆರೆದಿದ್ದರು. ಮಾಸೂಮಾ ಕೇಳಿದಳು: "ಸರ್, ಮುಂದಿನ ಭಾನುವಾರ ಎಷ್ಟೊತ್ತಿಗೆ ಬರ್ತೀರಿ?"

ಸಂಜೆ ಮನೆಗೆ ಬಂದಾಗ ಮಗನ ಕೊರಳಲ್ಲಿ ಎರಡು ಸೀಟಿ ಕಂಡು ಕಸ್ತೂರಮ್ಮ, ಮಾಯಕೊಂಡದವರಿಗೆ ಏನೆಂದು ಹೇಳಲಿ ಎಂದು ಕೇಳಿದರು. ಅವನು ಸಾಬರು ಹೊರಿಸಿ ಕಳಿಸಿದ್ದ ಮೂರು ಹೊಸ ದಾಂಡುಗಳನ್ನು ಬಾಗಿಲ ಹಿಂದೆ ಸಾಲಾಗಿ ಒರಗಿಸಿದ. ಆಮೇಲೆ ಏಣಿ ಹಾಕಿಕೊಂಡು, ಇನ್ನೂ ಕಂಬಳಿಯ ವಾಸನೆ ಹೊಡೆಯುತ್ತಿದ್ದ ಅಪ್ಪನ ದಾಂಡನ್ನು, ಅವರು ಹೇಳಿದ್ದ ಮಾತಿನಂತೆ, ಅಟ್ಟಕ್ಕೆ ಹಾಕಿದ.