ಹದಿನೆಂಟು ರೂಮಿಗೆ ಹದಿನಾಲ್ಕು ಎಂದ ಕಥೆ

ವರ್ಷಕ್ಕೆ ಇಪ್ಪತ್ತೊಂದು ಸಾವಿರ ರೂಪಾಯಿ. ನನ್ನ ಲಾಡ್ಜಿಗೆ ತಂದ ರೂಮ್ ಬುಕಿಂಗ್ ಸಾಫ್ಟ್‌ವೇರಿನ ಬೆಲೆ ಅದು. ರೂಮೊಂದಕ್ಕೆ ಎರಡು ಸಾವಿರ ಅಂದದ್ದನ್ನು ಒಂದೂವರೆಗೆ ಇಳಿಸಿದವನು ನಾನೇ. ಸೇಲಂನ ಮಗ್ಗದ ಮನೆಯಲ್ಲಿ ಹುಟ್ಟಿ, ಸೀರೆ ಗಂಟು ಹೊತ್ತು ಮಾರಿ, ಅಲ್ಲೇ ಬಸ್ ಸ್ಟ್ಯಾಂಡಿನ ಹಿಂದೆ ಲಾಡ್ಜ್ ಕಟ್ಟಿದವನಿಗೆ, ಹೇಳಿದ ಬೆಲೆ ಕೊಡುವುದೆಂದರೆ ಮದುವೆ ಮನೆಯಿಂದ ಬರಿಗಾಲಲ್ಲಿ ವಾಪಸು ಬಂದಷ್ಟು ಮುಜುಗರ. ಇಷ್ಟಾದರೂ ಯಾಕೆ ಕೊಟ್ಟೆ ಅಂದರೆ, ಒಂದು ಬೆಳಿಗ್ಗೆ ಏಳನೇ ನಂಬರಿನ ಬಾಗಿಲ ಮುಂದೆ ಇಬ್ಬರು ಅಪರಿಚಿತರು ನಿಂತಿದ್ದರು. ಒಬ್ಬರು ಫೋನಿನಲ್ಲಿ ಬುಕ್ ಮಾಡಿದವರು. ಇನ್ನೊಬ್ಬರಿಗೆ ಕೌಂಟರ್ ನೋಡಿಕೊಳ್ಳುವ ಮಾದಮ್ಮ ಬೀಗದಕೈ ಕೊಟ್ಟಿದ್ದರು. ಇಬ್ಬರ ಮಾತೂ ನ್ಯಾಯವೇ. ಇಬ್ಬರಿಗೂ ಇಡ್ಲಿ ಕೊಡಿಸಿ ಸಮಾಧಾನ ಮಾಡುತ್ತಲೇ, ಇನ್ನು ನೋಟ್‌ಬುಕ್ಕಿನಿಂದ ಲಾಡ್ಜ್ ನಡೆಯದು ಎಂದು ತೀರ್ಮಾನಿಸಿದೆ.

ಮಾದಮ್ಮ ಮಾರಂಡಹಳ್ಳಿ ಕಡೆಯವರು. ಹತ್ತೊಂಬತ್ತು ವರ್ಷಗಳಿಂದ ನನ್ನ ಕೌಂಟರ್ ಅವರದು. ಬೆಳ್ಳಿ ಕಾಲ್ಗೆಜ್ಜೆ ವ್ಯಾಪಾರಿಗೆ ಎದುರಿಗೆ ಬೇರೆ ಬಾಗಿಲಿಲ್ಲದ ರೂಮು, ಸಬ್ಬಕ್ಕಿ ಬ್ರೋಕರಿಗೆ ಫ್ಯಾನ್ ಕಿರುಗುಟ್ಟದ ರೂಮು, ಇವೆಲ್ಲ ಅವರ ತಲೆಯಲ್ಲೇ ಇರುತ್ತವೆ. ಸಾಫ್ಟ್‌ವೇರ್ ತರುವ ಸುದ್ದಿ ಹೇಳಿದಾಗ ತಲೆ ಎತ್ತದೆ, "ತನ್ನಿ ಮೊದಲಾಳಿ. ಅದು ಬಂದ್ರೆ ನಾ ಊರಿಗೋಗ್ತೀನಿ. ತಮ್ಮನ ಮನೇಲಿ ಕುರಿ ಐತೆ. ಅವು ಬಟನ್ ಒತ್ತು ಅನ್ನಲ್ಲ" ಅಂದರು. ಒಡೆಯನಾದ ನನ್ನನ್ನು ಅವರು ಮೊದಲಾಳಿ ಅಂತಲೇ ಕರೆಯುವುದು. ತಮಾಷೆ ಅಂದುಕೊಂಡೆ. ತಿಂಗಳ ಕೊನೆಗೆ ಹೊರಡಲು ಅವರು ಹಳೆಯ ಚೀಲದ ಜಿಪ್ ರಿಪೇರಿಗೆ ಕೊಟ್ಟಾಗ ತಮಾಷೆಯಲ್ಲ ಎಂದು ತಿಳಿಯಿತು. ಅವರಿಲ್ಲದ ಲಾಡ್ಜ್ ಬರೀ ಹದಿನೆಂಟು ಬೀಗ.

ಆದರೆ ವ್ಯಾಪಾರಕ್ಕೆ ಇಳಿದಾಗಿತ್ತು. ಮೂರು ಸಾಫ್ಟ್‌ವೇರ್ ನೋಡಿದೆ. ಒಂದರಲ್ಲಿ ಈಜುಕೊಳಕ್ಕೂ ಜಾಗವಿತ್ತು. ನನ್ನಲ್ಲಿರುವುದು ನೀರಿನ ತೊಟ್ಟಿ. ಇನ್ನೊಂದು ಪುಕ್ಕಟೆ, ಹಾಗಾಗಿ ನಂಬಲಿಲ್ಲ. ಮೂರನೆಯದನ್ನು ಕೊಯಮತ್ತೂರಿನ ಒಬ್ಬ ಹೆಣ್ಣುಮಗಳು ವಿಡಿಯೋ ಕಾಲಿನಲ್ಲಿ ತೋರಿಸಿದಳು. ರೂಮಿನ ಲೆಕ್ಕದಲ್ಲಿ ಬೆಲೆ ಎಂದಳು. "ಎಷ್ಟು ರೂಮು ಸಾರ್?" ಎಂದು ಕೇಳಿದಾಗ ನಾಲಿಗೆ ತಾನಾಗಿಯೇ "ಹದಿನಾಲ್ಕು" ಅಂದುಬಿಟ್ಟಿತು. ಮೇಲಿನ ಮಹಡಿಯ ನಾಲ್ಕನ್ನು ನುಂಗಿದ್ದೆ. ಹಿಂದೆ ಕೂತಿದ್ದ ಮಾದಮ್ಮ ಒಮ್ಮೆ ಕೆಮ್ಮಿದರು.

ಕಂಪ್ಯೂಟರ್ ಬಂತು. ಒಂದು ಮದುವೆ ಮುಹೂರ್ತದ ದಿನ ಮಾದಮ್ಮ ಟೀಗೆ ಹೋದಾಗ ನಾನೇ ಗತ್ತಿನಿಂದ ಕೌಂಟರಿನಲ್ಲಿ ಕೂತೆ. ಹರೂರಿನಿಂದ ಸಬ್ಬಕ್ಕಿ ಬ್ರೋಕರ್ ಬಂದರು. ಪರದೆ ಪೂರ್ತಿ ಕೆಂಪಾಗಿತ್ತು. "ಫುಲ್ ಆಗಿದೆ ಸಾರ್" ಅಂದೆ. ಪಾಪ, ಚೀಲ ಎತ್ತಿಕೊಂಡು ಹೊರಟರು. ಬೀದಿಯಲ್ಲಿ ಅವರನ್ನು ಕಂಡ ಮಾದಮ್ಮ ಸಲುಗೆಯಿಂದ ವಾಪಸು ಕರೆತಂದರು.

"ಮೇಲೆ ನಾಕೂ ಖಾಲಿ ಐತಲ್ಲ?"

"ಇದು ಫುಲ್ ಅಂತ ತೋರಿಸ್ತು."

"ನೀವು ಮಿಸಿನ್‌ಗೆ ಸುಳ್ಳೇಳಿದ್ರಿ, ಅದು ನಂಬ್ತು, ಸರಿ. ನೀವ್ಯಾಕೆ ನಂಬಿದ್ರಿ?"

ಬ್ರೋಕರ್ ಬಿದ್ದು ಬಿದ್ದು ನಕ್ಕರು. ಅವರು ಮೇಲೆ ಹೋದ ಮೇಲೆ, "ಊರಿಗೆ ಹೋಗಬೇಡಿ ಮಾದಮ್ಮ" ಅಂದೆ. ಅವರು ಪರದೆಯ ಧೂಳು ಒರೆಸುತ್ತ, "ಮಿಸಿನ್ ಮೇಲೆ ಕೋಪ ಇಲ್ಲ. ಮೂರು ಮಿಸಿನ್ ನೋಡಿದ್ರಿ. ಯಾವ್ದು ನಿಮಗೆ ಸರಿಯಾಯ್ತದೆ ಅಂತ ನನ್ನ ಒಂದು ಮಾತು ಕೇಳಿದ್ರಾ?" ಅಂದರು. ಆಗಲೇ ಕೊಯಮತ್ತೂರಿಗೆ ಫೋನ್ ಮಾಡಿ ಇನ್ನೂ ನಾಲ್ಕು ರೂಮು ಸೇರಿಸಲು ಹೇಳಿದೆ. "ತೆರಿಯುಂ ಸಾರ್, ಗೊತ್ತಿತ್ತು. ಇಂಟರ್ನೆಟ್ಟಿನಲ್ಲಿರುವ ನಿಮ್ಮ ಬೋರ್ಡಿನ ಫೋಟೋದಲ್ಲೇ ಹದಿನೆಂಟು ರೂಮು ಅಂತ ಇದೆಯಲ್ಲ" ಅಂದಳು ಆಕೆ. ಆ ನಾಲ್ಕಕ್ಕೆ ಚೌಕಾಸಿ ಮಾಡಲು ನನಗೆ ಮುಖವಿರಲಿಲ್ಲ. ಆಮೇಲೆ ಮೂರು ಮಧ್ಯಾಹ್ನ ಆಕೆಯೇ ಫೋನಿನಲ್ಲಿ ಮಾದಮ್ಮನಿಗೆ ಕಲಿಸಿದಳು.

ನೀವೂ ಸಾಫ್ಟ್‌ವೇರ್ ಕೊಳ್ಳುವವರಾದರೆ ನನ್ನ ಮಾತು ಕೇಳಿ. ಕೌಂಟರಿನಲ್ಲಿ ಕೂರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅವರು ಒಪ್ಪಿದ್ದನ್ನೇ ಕೊಳ್ಳಿ. ರೂಮಿನ ಸಂಖ್ಯೆ ನಿಜ ಹೇಳಿ. ಗಿರಾಕಿಯ ಹೆಸರಿನ ಮುಂದೆ ನಾಲ್ಕು ಮಾತು ಬರೆಯಲು ಖಾಲಿ ಜಾಗ ಇದೆಯೇ ಎಂದು ತಪ್ಪದೆ ಕೇಳಿ. ಮಾದಮ್ಮ ತಮ್ಮ ತಲೆಯಲ್ಲಿದ್ದುದನ್ನೆಲ್ಲ ಈಗ ಅಲ್ಲೇ ತುಂಬಿಸುತ್ತಿದ್ದಾರೆ. ಆದರೆ ಅಲ್ಲಿ ನಿಮ್ಮ ಹೆಸರನ್ನು ಮಾತ್ರ ಹುಡುಕಬೇಡಿ. ನಾನು ಹುಡುಕಿದೆ. 'ಮೊದಲಾಳಿ. ಎಲ್ಲದಕ್ಕೂ ಚೌಕಾಸಿ ಮಾಡ್ತಾರೆ. ಕಾಫಿ ಕೊಟ್ಟರೆ ಒಪ್ಕೊಳ್ತಾರೆ' ಎಂದಿತ್ತು.